ಕೊಳೆ ಬಿದ್ದ ಮೇಲೆ ಕೊಟ್ಟೆ ಕಟ್ಟಿದರೆ?

ಚುನಾವಣೆ ಸಮೀಪಿಸಿದಾಗ ಮಾತ್ರ ರೈತನನ್ನು ನೆನೆಯುವವರನ್ನು ನಾವು ಬೆಳೆಗಾರರು ಸಾಕಷ್ಟು ಕಂಡಿದ್ದೇವೆ. ಅಂಥವರು 1983ರ ಜನವರಿಯನ್ನು ಮರೆಯಬಾರದು.

ಮಲಪ್ರಭಾ ಅಚ್ಚುಕಟ್ಟಿನಲ್ಲಿ ಅಭಿವೃದ್ಧಿ ಕರದ ಹೊರೆಗೆ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು. ಆಮೇಲೆ ಸರ್ಕಾರ ರಿಯಾಯಿತಿ ಸಾರಿದರೂ ಅಸಮಾಧಾನ ಆರಲಿಲ್ಲ. 1982ರಲ್ಲಿ ಗೋಕಾಕ್ ಚಳವಳಿಯೂ ಕಾವೇರಿತು. ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 95 ಸ್ಥಾನ ಬಂದರೆ ಆಳುತ್ತಿದ್ದ ಕಾಂಗ್ರೆಸ್ಸಿಗೆ 82. ನಮ್ಮ ಕಾಫಿ ಸೀಮೆಯವರೇ ಆದ ಮುಖ್ಯಮಂತ್ರಿ ಗುಂಡೂರಾವ್ ಸ್ವಕ್ಷೇತ್ರ ಸೋಮವಾರಪೇಟೆಯಲ್ಲೇ ಸೋತರು.

ಅಡಿಕೆಗೆ ಕೊಳೆ ಬಿದ್ದ ಮೇಲೆ ಕೊಟ್ಟೆ ಕಟ್ಟಿದರೆ ಫಸಲು ಉಳಿಯದು. ಅಧಿಕಾರಕ್ಕೂ ಇದೇ ನಿಯಮ. ನಮ್ಮ ಸಂಘದ ಆಡಳಿತ ಮಂಡಲಿಗೂ ಈ ಮಾತು ಸಲ್ಲುತ್ತದೆ: ಸದಸ್ಯರ ಅಹವಾಲನ್ನು ಮಳೆಗೆ ಮುಂಚೆಯೇ ಕೇಳೋಣ.