ಮಕ್ಕಳ ಮಲಬದ್ಧತೆ: ಬಾಳೆಹಣ್ಣಿಗೆ ಬಗ್ಗದ ತೊಂದರೆ

ಎರಡೂವರೆ ವರ್ಷದ ಮಗು ಆಟದ ನಡುವೆ ಇದ್ದಕ್ಕಿದ್ದಂತೆ ಎದ್ದು ಪರದೆಯ ಹಿಂದಕ್ಕೋ ಬಾಗಿಲ ಸಂದಿಗೋ ಹೋಗುತ್ತದೆ. ತುದಿಗಾಲಲ್ಲಿ ನಿಂತು, ತೊಡೆಗಳನ್ನು ಒಂದಕ್ಕೊಂದು ಒತ್ತಿ, ಮಂಚದ ಅಂಚು ಹಿಡಿದು ಮುಖ ಕೆಂಪು ಮಾಡಿಕೊಳ್ಳುತ್ತದೆ. ಬೆವರುತ್ತದೆ, ಅಳುತ್ತದೆ. ‘ಪಾಪ, ಎಷ್ಟು ತಿಣುಕಿದರೂ ಬರ್ತಾ ಇಲ್ಲ’ ಎಂದು ಮನೆಯವರು ಮರುಗುತ್ತಾರೆ. ನಡೆಯುತ್ತಿರುವುದು ತದ್ವಿರುದ್ಧ. ಮಗು ತಿಣುಕುತ್ತಿಲ್ಲ, ಬಂದದ್ದನ್ನು ಒಳಗೇ ತಡೆದು ಹಿಡಿಯುತ್ತಿದೆ.

ಈ ಒಂದು ತಪ್ಪು ತಿಳಿವಳಿಕೆ ಉಳಿದೆಲ್ಲ ತಪ್ಪುಗಳಿಗೂ ತಾಯಿಬೇರು. ಯಾವಾಗಲೋ ಜ್ವರ ಬಂದು ಊಟ ಬಿಟ್ಟಾಗ, ಎದೆಹಾಲು ಬಿಡಿಸಿ ಹಸುವಿನ ಹಾಲಿಗೆ ಹಾಕಿದಾಗ, ಶಾಲೆಗೆ ಸೇರಿಸಿದ ಹೊಸದರಲ್ಲಿ ಒಮ್ಮೆ ಮಲ ಗಟ್ಟಿಯಾಗುತ್ತದೆ. ಹೊರಬರುವಾಗ ಗುದದ್ವಾರದ ಅಂಚು ಸೀಳಿ, ಮೇಲೊಂದು ರಕ್ತದ ಗೆರೆ ಕಾಣುತ್ತದೆ. ಮಗು ಆ ನೋವನ್ನು ಮರೆಯುವುದಿಲ್ಲ. ಮುಂದಿನ ಸಲ ಕರೆ ಬಂದಾಗ ಬಿಗಿಹಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಕರೆ ಅಡಗುತ್ತದೆ. ಒಳಗೆ ಉಳಿದ ಮಲದಿಂದ ಕರುಳು ನೀರು ಹೀರುತ್ತಲೇ ಇರುತ್ತದಾದ್ದರಿಂದ ನಾಳೆ ಅದು ಇನ್ನೂ ಗಟ್ಟಿ, ಇನ್ನೂ ದಪ್ಪ. ನೋವು ದುಪ್ಪಟ್ಟು, ಹೆದರಿಕೆಯೂ ದುಪ್ಪಟ್ಟು. ಹಸುಗೂಸಿನ ಹಂತ ದಾಟಿದ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮಲಬದ್ಧತೆಗೆ ಬೇರೆ ಯಾವ ರೋಗವೂ ಕಾರಣವಲ್ಲ, ಈ ಸುಳಿಯೇ ಕಾರಣ. ‘ಹಟ, ಎರಡು ಬಿಟ್ಟರೆ ಸರಿಹೋಗುತ್ತೆ’ ಎನ್ನುವವರು ಸುಳಿಯನ್ನು ಇನ್ನಷ್ಟು ಆಳ ಮಾಡುತ್ತಾರೆ, ಅಷ್ಟೆ.

ಇನ್ನು ಚಡ್ಡಿಯ ವಿಷಯ. ನಾಲ್ಕೈದು ವರ್ಷದ, ಶೌಚದ ಅಭ್ಯಾಸ ಆಗಿದ್ದ ಮಗು ಮತ್ತೆ ಚಡ್ಡಿಯಲ್ಲಿ ತೆಳ್ಳಗೆ ಮಾಡಿಕೊಳ್ಳಲು ಶುರುಮಾಡಿದರೆ ಮನೆಯಲ್ಲಿ ಅದನ್ನು ಭೇದಿ ಎಂದುಕೊಳ್ಳುತ್ತಾರೆ. ಭೇದಿ ನಿಲ್ಲಿಸುವ ಔಷಧಿಯನ್ನೂ ಕೊಟ್ಟುಬಿಡುತ್ತಾರೆ. ಎಷ್ಟೋ ಸಲ ಇದು ಮಲಬದ್ಧತೆಯದೇ ಕೊನೆಯ ಹಂತ. ಗುದನಾಳದಲ್ಲಿ ದೊಡ್ಡ ಗಟ್ಟಿ ಉಂಡೆ ಕೂತಿರುತ್ತದೆ, ಮೇಲಿನಿಂದ ಬಂದ ತೆಳು ಮಲ ಅದರ ಪಕ್ಕದಿಂದ ಸೋರುತ್ತದೆ. ತಿಂಗಳುಗಟ್ಟಲೆ ಹಿಗ್ಗಿದ ಗುದನಾಳದಲ್ಲಿ ಅರಿವು ಮಂಕಾಗಿರುವುದರಿಂದ ಸೋರಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ವಾಸನೆ ಬಂದರೂ ತನಗೆ ಬಂದಿಲ್ಲ ಎಂದು ಮಗು ಹೇಳಿದರೆ ಅದು ಸುಳ್ಳಲ್ಲ. ಅದೇ ಉಂಡೆ ಮುಂದಿನ ಮೂತ್ರಕೋಶವನ್ನು ಒತ್ತಿ, ಹಾಸಿಗೆಯಲ್ಲಿ ಮೂತ್ರ ಹೋಗುವುದಕ್ಕೂ ಮೂತ್ರದ ಸೋಂಕಿಗೂ ದಾರಿಯಾಗಬಹುದು.

‘ದಿನಾ ಹೋಗಲೇಬೇಕು’ ಎಂಬ ನಿಯಮ ನಮ್ಮಲ್ಲಿ ಬೆಳಗಿನ ಸ್ನಾನದಷ್ಟೇ ಗಟ್ಟಿ. ಎದೆಹಾಲನ್ನು ಮಾತ್ರ ಕುಡಿಯುವ ಕೂಸು ಒಂದೆರಡು ತಿಂಗಳು ತುಂಬಿದ ಮೇಲೆ ಒಂದು ವಾರ ಹೋಗದಿದ್ದರೂ, ಹೋದಾಗ ಮೆತ್ತಗಿದ್ದು ಹಾಲು ಚೆನ್ನಾಗಿ ಕುಡಿದು ತೂಕ ಏರುತ್ತಿದ್ದರೆ ಚಿಂತೆಯಿಲ್ಲ. ಕೆಲವು ಕೂಸುಗಳು ಹತ್ತು ನಿಮಿಷ ಅತ್ತು, ಕೆಂಪಾಗಿ, ಕೊನೆಗೆ ಮೆತ್ತಗೇ ಮಾಡುತ್ತವೆ. ಅದು ಮಲಬದ್ಧತೆಯಲ್ಲ, ಹೊಟ್ಟೆ ಒತ್ತುವುದನ್ನೂ ಕೆಳಗೆ ಸಡಿಲ ಬಿಡುವುದನ್ನೂ ಒಟ್ಟಿಗೆ ಮಾಡಲು ಇನ್ನೂ ಕಲಿಯುತ್ತಿರುವುದು. ನೋಡಬೇಕಾದ್ದು ದಿನಗಳ ಲೆಕ್ಕಕ್ಕಿಂತ ಗಟ್ಟಿತನ ಮತ್ತು ನೋವು. ದಿನಾ ಹಿಕ್ಕೆಯಂತೆ ಒಂದಿಷ್ಟು ಹಾಕುವ ಮಗುವಿಗೂ ಮಲಬದ್ಧತೆ ಇರಬಹುದು. ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ, ಹೋಗುವಾಗ ನೋವು, ತಡೆದು ಹಿಡಿಯುವ ಭಂಗಿ, ಕಮೋಡು ಕಟ್ಟಿಕೊಳ್ಳುವಷ್ಟು ದಪ್ಪ ಮಲ, ಸೋರುವಿಕೆ: ಇವುಗಳಲ್ಲಿ ಯಾವುದಾದರೂ ಎರಡು ಒಂದು ತಿಂಗಳು ನಡೆದರೆ ವೈದ್ಯರಿಗೆ ತೋರಿಸಬೇಕು.

ಈಗ ಬಾಳೆಹಣ್ಣು. ಬಂದ ನೆಂಟರೆಲ್ಲ ಕೊಡುವ ಸಲಹೆ ಇದೇ: ಹಣ್ಣು ತಿನ್ನಿಸಿ, ನೀರು ಕುಡಿಸಿ, ದೇಹಕ್ಕೆ ಉಷ್ಣ ಆಗಿದೆ. ನಾರು ಬೇಕು, ನಿಜ. ಸೊಪ್ಪು, ಕಾಳು, ತರಕಾರಿ ತಿನ್ನುವ ಮನೆಯ ಮಗುವಿಗೆ ಈ ತೊಂದರೆ ಬರುವ ಸಂಭವ ಕಡಿಮೆ. ಆದರೆ ಬಾಳೆಹಣ್ಣಿನ ಮೇಲೇ ಇಷ್ಟೊಂದು ನಂಬಿಕೆ ಯಾಕೋ, ನಾರಿನ ಲೆಕ್ಕದಲ್ಲಿ ಸೀಬೆಹಣ್ಣು ಅದಕ್ಕಿಂತ ಎಷ್ಟೋ ಮೇಲು. ‘ರಾಗಿ ಸರಿ ಕೊಡ್ತೀವಲ್ಲ’ ಎನ್ನುವವರು ಒಂದನ್ನು ಮರೆಯುತ್ತಾರೆ: ಮೊಳಕೆ ಕಟ್ಟಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುವಾಗ ರಾಗಿಯ ನಾರಿನ ದೊಡ್ಡ ಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ದೊಡ್ಡ ಮಗುವಿಗೆ ಮುದ್ದೆ, ರೊಟ್ಟಿ ಇನ್ನೂ ಒಳ್ಳೆಯದು. ನೀರು ಕಡಿಮೆ ಕುಡಿಯುವ ಮಗುವಿಗೆ ಸಾಕಷ್ಟು ಕುಡಿಸಬೇಕು, ಆದರೆ ಸಾಕಷ್ಟು ಕುಡಿಯುವ ಮಗುವಿಗೆ ಇನ್ನೆರಡು ಲೋಟ ಬಲವಂತ ಮಾಡಿದರೆ ಹೆಚ್ಚುವುದು ಮೂತ್ರ ಮಾತ್ರ. ಗುದನಾಳ ಆಗಲೇ ಕಟ್ಟಿಕೊಂಡಿದ್ದರಂತೂ ನಾರು ಸಹಾಯಕ್ಕಿಂತ ಹೊರೆ: ಮುಂದೆ ರಸ್ತೆ ಮುಚ್ಚಿರುವಾಗ ಹಿಂದಿನಿಂದ ಇನ್ನಷ್ಟು ಲಾರಿ ಕಳಿಸಿದಂತೆ.

ಹಾಲಿನ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆ ಪೂರ್ತಿ ತಿರುವುಮುರುವು. ‘ರಾತ್ರಿ ಬಿಸಿ ಹಾಲು ಕೊಟ್ಟರೆ ಬೆಳಿಗ್ಗೆ ಸರಾಗ’ ಎನ್ನುತ್ತಾರೆ. ದಿನಕ್ಕೆ ಲೀಟರ್‌ಗಟ್ಟಲೆ ಹಾಲು ಕುಡಿದು ಊಟ ಬಿಡುವ ಮಕ್ಕಳಲ್ಲೇ ಮಲಬದ್ಧತೆ ಹೆಚ್ಚು ಕಾಣುವುದು. ಔಷಧಿಗೂ ಬಗ್ಗದ ಕೆಲವು ಮಕ್ಕಳಲ್ಲಿ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರುವುದೇ ಕಾರಣವಾಗಿರಬಹುದು. 1998ರಲ್ಲಿ ಇಟಲಿಯ ವೈದ್ಯರು ಇಂಥ 65 ಮಕ್ಕಳಿಗೆ ಹಸುವಿನ ಹಾಲು ನಿಲ್ಲಿಸಿ ಸೋಯಾ ಹಾಲು ಕೊಟ್ಟಾಗ 44 ಮಕ್ಕಳಿಗೆ ಗುಣ ಕಂಡಿತ್ತು. ಹಾಗೆಂದು ಎಲ್ಲ ಮಕ್ಕಳ ಹಾಲು ನಿಲ್ಲಿಸಬಾರದು. ವೈದ್ಯರು ಹೇಳಿದರೆ ಕೆಲವು ವಾರ ನಿಲ್ಲಿಸಿ ನೋಡುವುದು ಸರಿ.

ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದೊಳಗೆ ಇಡುವುದು, ಸೋಪಿನ ಕಡ್ಡಿ ಇಡುವುದು ನಮ್ಮ ಬಾಣಂತನದ ಮನೆಗಳಲ್ಲಿ ಇನ್ನೂ ಇದೆ. ಆ ಕ್ಷಣಕ್ಕೆ ಕೆಲಸ ಆದಂತೆ ಕಾಣುತ್ತದೆ. ಆದರೆ ತೊಟ್ಟು ಒಳಗೆ ಗೀರಬಹುದು, ಸೋಪು ಉರಿಸುತ್ತದೆ. ಅದಕ್ಕಿಂತ ದೊಡ್ಡ ಹಾನಿ, ಮೊದಲೇ ಹೆದರಿದ ಮಗುವಿಗೆ ಹೆದರಿದ ಜಾಗದಲ್ಲೇ ಮತ್ತೊಂದು ಗಾಯ. ತಿಂಗಳಿಗೊಮ್ಮೆ ಹರಳೆಣ್ಣೆ ಹುಯ್ಯುವ ಪದ್ಧತಿಗೂ ಇದೇ ಮಾತು. ಅಳುವ ಮಗುವಿನ ಮೂಗು ಹಿಡಿದು ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದೂ ಬೇಡ, ಅದರಲ್ಲಿ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು.

ಇಷ್ಟೆಲ್ಲ ಸಲೀಸಾಗಿ ಮಾಡುವ ಮನೆಯವರೇ ವೈದ್ಯರು ಬರೆದ ಪುಡಿಯನ್ನು ಕಂಡು ಹಿಂಜರಿಯುವುದು ವಿಚಿತ್ರ. ‘ಅಭ್ಯಾಸ ಆಗಿಬಿಡುತ್ತೆ, ಕರುಳು ಸೋಮಾರಿ ಆಗುತ್ತೆ.’ ಇಲ್ಲ, ಆಗುವುದಿಲ್ಲ. ಇವತ್ತು ಮೊದಲ ಆಯ್ಕೆಯ ಔಷಧಿ ಪಾಲಿಎಥಿಲೀನ್ ಗ್ಲೈಕಾಲ್. ನೀರಿನಲ್ಲಿ ಕದಡಿ ಕುಡಿಸುವ ಈ ಪುಡಿ ರಕ್ತಕ್ಕೆ ಹೆಚ್ಚುಕಮ್ಮಿ ಸೇರುವುದೇ ಇಲ್ಲ, ಕರುಳಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ. 2018ರಲ್ಲಿ ಭಾರತದ ಮಕ್ಕಳ ಜಠರ–ಕರುಳು ತಜ್ಞರು ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಮುಂದಿಡುತ್ತದೆ. ವರ್ಷದೊಳಗಿನ ಕೂಸಿಗೆ ಲ್ಯಾಕ್ಟುಲೋಸ್. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಕಟ್ಟಿಕೊಂಡಿದ್ದನ್ನು ತೆರವು ಮಾಡಲು ಮೊದಲ ಕೆಲವು ದಿನ ದೊಡ್ಡ ಪ್ರಮಾಣ, ಆಮೇಲೆ ಕಡಿಮೆ ಮಾಡಿ ದಿನವೂ.

ಎಡವುವುದು ಇಲ್ಲೇ. ವಾರದಲ್ಲಿ ಮಗು ನಗುತ್ತದೆ, ಪುಡಿಯ ಡಬ್ಬಿ ಕಪಾಟಿಗೆ ಹೋಗುತ್ತದೆ, ತಿಂಗಳೊಳಗೆ ಹಳೆಯ ಕತೆ ಮರಳುತ್ತದೆ. ‘ನೋಡಿ, ಔಷಧಿ ನಿಲ್ಲಿಸಿದ ತಕ್ಷಣ ಶುರು, ಅಭ್ಯಾಸವೇ ಆಗಿದೆ’ ಎಂಬ ತೀರ್ಮಾನವೂ ಜೊತೆಗೇ ಬರುತ್ತದೆ. ಮರಳಿದ್ದು ಬೇಗ ನಿಲ್ಲಿಸಿದ್ದರಿಂದ. ಹಿಗ್ಗಿದ ಗುದನಾಳ ಹಳೆಯ ಅಳತೆಗೆ ಬರಲು, ಮಗುವಿನ ಮನಸ್ಸಿನಿಂದ ಹೆದರಿಕೆ ಕಳಚಲು ತಿಂಗಳುಗಳು ಬೇಕು. ಕನಿಷ್ಠ ಎರಡು ತಿಂಗಳು ಕೊಡಬೇಕು, ಯಾವ ತೊಂದರೆಯೂ ಇಲ್ಲದೆ ಒಂದು ತಿಂಗಳು ಕಳೆದ ಮೇಲೆ ಮೆಲ್ಲಗೆ ಇಳಿಸಬೇಕು ಎನ್ನುವುದು 2014ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಹಲವು ಮಕ್ಕಳಿಗೆ ಆರು ತಿಂಗಳು, ವರ್ಷವೂ ಹಿಡಿಯುತ್ತದೆ.

ಜೊತೆಗೆ ಕೂರಿಸುವ ಅಭ್ಯಾಸ. ಊಟವಾದ ಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ, ಆಗ ಐದು–ಹತ್ತು ನಿಮಿಷ ಕೂರಿಸಿ. ಕಮೋಡಿನ ಮೇಲೆ ಕಾಲು ಜೋತಾಡುತ್ತಿದ್ದರೆ ಮಗುವಿಗೆ ಒತ್ತಡ ಹಾಕಲು ಆಗುವುದಿಲ್ಲ, ಪಾದದ ಕೆಳಗೊಂದು ಮಣೆ ಇರಲಿ. ಹೋದರೂ ಹೋಗದಿದ್ದರೂ ಕೂತದ್ದಕ್ಕೆ ಶಭಾಷ್ ಸಿಗಲಿ. ಮೊಬೈಲ್ ಬೇಡ. ಶಾಲೆಯ ಶೌಚಾಲಯ ಕೊಳಕೆಂದು ಸಂಜೆವರೆಗೆ ತಡೆಯುವ ಮಕ್ಕಳು ಬಹಳ. ಟೀಚರ್ ಜೊತೆ ಒಂದು ಮಾತು ಆಡಿಟ್ಟರೆ, ಕೇಳಿದಾಗ ಬಿಡುತ್ತಾರೆಂಬ ಧೈರ್ಯ ಮಗುವಿಗೆ ಬರುತ್ತದೆ.

ಇಲ್ಲಿ ಹೇಳಿದ್ದನ್ನು ಬಿಟ್ಟು ಬೇರೆಯೇ ಕಾರಣ ಇರುವ ಮಕ್ಕಳೂ ಕೆಲವರಿದ್ದಾರೆ. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದರೆ, ಮೊದಲ ತಿಂಗಳಲ್ಲೇ ತೊಂದರೆ ಶುರುವಾಗಿದ್ದರೆ, ಕರುಳಿನ ಕೊನೆಯಲ್ಲಿ ನರಕೋಶಗಳೇ ಇಲ್ಲದ ಹಿರ್ಶ್‌ಸ್ಪ್ರಂಗ್ ಕಾಯಿಲೆಯನ್ನು ನೋಡಬೇಕಾಗುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಥೈರಾಯ್ಡ್ ಕೊರತೆಯೂ ಹೀಗೆ ಕಾಣಿಸಿಕೊಳ್ಳಬಹುದು. ಹೊಟ್ಟೆ ಉಬ್ಬರ, ಹಸಿರು ವಾಂತಿ, ತೂಕ ಏರದಿರುವುದು, ಕಾಲಿನ ಬಲ ಕುಂದುವುದು, ಗೆರೆಯಷ್ಟಲ್ಲದೆ ಹೆಚ್ಚು ರಕ್ತ, ಇವು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಮಕ್ಕಳ ವೈದ್ಯರ ಬಳಿ ಹೋಗಬೇಕು. ಹಸಿರು ವಾಂತಿಯ ಜೊತೆ ಹೊಟ್ಟೆ ಉಬ್ಬಿದ್ದರೆ ಅದೇ ದಿನ.