ತುರುಗಾಹಿಗಳ ಕವಿಮೇಳ

ಅಮೆರಿಕದ ಪಶ್ಚಿಮ ಭಾಗದ ನೆವಾಡ ರಾಜ್ಯವೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಲಾಸ್ ವೇಗಸ್ ನಗರದ ಜೂಜುಕಟ್ಟೆಗಳ ದೀಪಮಾಲೆ. ರಾಜ್ಯದ ಜನರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಆ ನಗರದ ಆಸುಪಾಸಿನಲ್ಲಿಯೇ ನೆಲೆಸಿರುವುದೂ ನಿಜ. ಮಿಕ್ಕ ನೆವಾಡವೆಂದರೆ ಬೋಳುಬೆಟ್ಟ, ವಿಶಾಲವಾದ ಬಯಲು, ಬೂದುಬಣ್ಣದ ಕುರುಚಲು ಗಿಡ. ಅಲ್ಲಿಯ ಹೊಳೆಗಳಲ್ಲಿ ಹೆಚ್ಚಿನವು ಕಡಲನ್ನು ಕಾಣವು. ಹಂಬೋಲ್ಟ್ ನದಿ ನೂರಾರು ಮೈಲಿ ಹರಿದು ಕಡೆಗೆ ಮರುಭೂಮಿಯಲ್ಲಿಯೇ ಇಂಗಿಹೋಗುತ್ತದೆ. ಅದರ ದಡದಲ್ಲಿ, ರಾಜ್ಯದ ಈಶಾನ್ಯ ಮೂಲೆಯಲ್ಲಿ, ಸುಮಾರು 20,000 ಜನರಿರುವ ಎಲ್ಕೊ ಎಂಬ ಊರಿದೆ. 1985ರ ಜನವರಿಯಲ್ಲಿ ಅಲ್ಲಿ ಒಂದು ಕವಿಮೇಳ ನೆರೆಯಿತು. ಬಂದ ಕವಿಗಳು ಪಂಡಿತರಲ್ಲ, ದನ ಮೇಯಿಸುವವರು.

‘ಕೌಬಾಯ್’ ಎಂಬ ಪದಕ್ಕೆ ಚಲಚ್ಚಿತ್ರಗಳು ಕೈಬಂದೂಕನ್ನು ಅಂಟಿಸಿಬಿಟ್ಟಿವೆ. ಆದಕಾರಣ ನಾನು ‘ತುರುಗಾಹಿ’ ಎಂಬ ನಮ್ಮ ಹಳೆಯ ಮಾತನ್ನೇ ಬಳಸುತ್ತೇನೆ. ವಚನಕಾರ ತುರುಗಾಹಿ ರಾಮಣ್ಣನ ಹೆಸರಿನಲ್ಲಿ ಅದು ಮರ್ಯಾದೆಯಿಂದ ಉಳಿದುಬಂದಿದೆ. ನೆವಾಡದ ತುರುಗಾಹಿ ತನ್ನನ್ನು ‘ಬಕರೂ’ ಎಂದು ಕರೆದುಕೊಳ್ಳುತ್ತಾನೆ. ಅದು ಸ್ಪ್ಯಾನಿಷ್ ಭಾಷೆಯ ‘ವಕೇರೊ’ ಪದದ ತದ್ಭವ. ಅವನ ಹಗ್ಗದ ಹೆಸರಾದ ‘ಲಾರಿಯಟ್’ ಕೂಡ ಸ್ಪ್ಯಾನಿಷಿನದೇ. ಕಸುಬು ಮೆಕ್ಸಿಕೊ ದೇಶದವರಿಂದ ಬಂದದ್ದೆಂಬುದಕ್ಕೆ ಬೇರೆ ಶಾಸನ ಬೇಕಿಲ್ಲ.

ಈ ಜನಕ್ಕೆ ಕವಿತೆ ಎಲ್ಲಿಂದ ಬಂತು? 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಸುಮಾರು ಎರಡು ದಶಕಗಳ ಕಾಲ ಟೆಕ್ಸಸ್ ಪ್ರಾಂತದಿಂದ ಉತ್ತರದ ರೈಲುನಿಲ್ದಾಣಗಳಿಗೆ ಲಕ್ಷಗಟ್ಟಲೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಇರುಳು ಮಂದೆ ಬಯಲಿನಲ್ಲಿಯೇ ಮಲಗಬೇಕು. ಒಂದು ಗುಡುಗು, ಒಂದು ಕಡ್ಡಿ ಮುರಿದ ಸದ್ದು ಸಾಕು, ಸಾವಿರಾರು ದನ ಒಮ್ಮೆಗೇ ಎದ್ದು ಕತ್ತಲೆಯಲ್ಲಿ ನುಗ್ಗಿಬಿಡುತ್ತಿದ್ದವು. ಎದುರಿಗೆ ಸಿಕ್ಕಿದ ಸವಾರ ಬದುಕುವ ಭರವಸೆಯಿಲ್ಲ. ಅದಕ್ಕಾಗಿ ಇಬ್ಬರು ಕಾವಲುಗಾರರು ಮಂದೆಯನ್ನು ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತ, ಮೆಲುದನಿಯಲ್ಲಿ ಹಾಡುತ್ತಿದ್ದರು. ಮನುಷ್ಯನ ದನಿ ಕೇಳುತ್ತಿದ್ದರೆ ದನಕ್ಕೆ ಹೆದರಿಕೆಯಿಲ್ಲ. ಹಾಡು ಮುಗಿದುಹೋದರೆ ಹೊಸ ಚರಣ ಕಟ್ಟಬೇಕು, ಇಲ್ಲವೆ ದೇವರ ಕೀರ್ತನೆಯಾದರೂ ಸರಿ. ಕೇಳುವವರು ಮೇಲುಕು ಹಾಕುತ್ತ ಮಲಗಿರುವುದೇ ಕವಿಗೆ ಸಲ್ಲುವ ಮೆಚ್ಚುಗೆಯಾಗಿದ್ದ ಕಾವ್ಯ ಜಗತ್ತಿನಲ್ಲಿ ಮತ್ತೆಲ್ಲಿದೆಯೋ ನಾನರಿಯೆ.

ಛಂದಸ್ಸು ಬಹುಮಟ್ಟಿಗೆ ಲಾವಣಿಯದು. ನಮ್ಮ ಪೂರ್ವಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟರೆ ಇವರು ಕೊನೆಯಲ್ಲಿಡುತ್ತಾರೆ; ಎರಡಕ್ಕೂ ಪ್ರಯೋಜನ ಒಂದೇ, ನೆನಪಿನ ಗೂಟ. ಜಾನ್ ಲೋಮ್ಯಾಕ್ಸ್ 1910ರಲ್ಲಿ ಈ ಹಾಡುಗಳ ದೊಡ್ಡ ಸಂಗ್ರಹವೊಂದನ್ನು ಪ್ರಕಟಿಸಿದ. ಆದರೆ ಅಚ್ಚಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಯಾವ ಕುದುರೆಯನ್ನಾದರೂ ಪಳಗಿಸಬಲ್ಲೆನೆಂದು ಕೊಚ್ಚಿಕೊಂಡವನನ್ನು ವಿಕಾರರೂಪದ ಕುದುರೆಯೊಂದು ಆಕಾಶಕ್ಕೆಸೆದ ಕಥೆಯನ್ನು ಕರ್ಲಿ ಫ್ಲೆಚರ್ ಬರೆದು 1915ರಲ್ಲಿ ಅಚ್ಚು ಹಾಕಿಸಿದ. ಅದು ಬಾಯಿಂದ ಬಾಯಿಗೆ ಹರಿದು, ಹಲವು ಪಾಠಾಂತರಗಳನ್ನು ಪಡೆಯಿತು; ಹಾಡುವವರಲ್ಲಿ ಅನೇಕರಿಗೆ ಕರ್ತೃವಿನ ಹೆಸರೇ ಗೊತ್ತಿರಲಿಲ್ಲ.

ಈ ಪರಂಪರೆಯಲ್ಲಿ ನನಗೆ ಬಹಳ ಪ್ರಿಯನಾದವನು ಬ್ರೂಸ್ ಕಿಸ್ಕಾಡನ್ (1878–1950). ಯೌವನದಲ್ಲಿ ದನ ಕಾಯ್ದವನು, ಮುಂದೆ ಲಾಸ್ ಏಂಜಲಿಸ್ ನಗರದ ಹೋಟೆಲುಗಳಲ್ಲಿ ಗಂಟೆಯ ಕರೆಗೆ ಓಡುವ ಚಾಕರನಾದ. ಅವನ ಪದ್ಯಗಳು ದನದ ವ್ಯಾಪಾರದ ಪತ್ರಿಕೆಯಲ್ಲಿಯೂ, ದನದ ದೊಡ್ಡಿಯವರು ಹಂಚುತ್ತಿದ್ದ ಕ್ಯಾಲೆಂಡರುಗಳಲ್ಲಿಯೂ ಅಚ್ಚಾದವು. ವಿಮರ್ಶಕರ ಮೇಜಿಗೆ ಬಾರದ ಆ ಕವಿತೆ ಒಕ್ಕಲುಮನೆಯ ಗೋಡೆಯ ಮೇಲೆ ತೂಗಿ ಕಂಠಸ್ಥವಾಯಿತು.

ಹೀಗೆ ಅಲ್ಲೊಬ್ಬರು ಇಲ್ಲೊಬ್ಬರ ನಾಲಗೆಯ ಮೇಲೆ ಉಳಿದಿದ್ದುದನ್ನು ಹಾಲ್ ಕ್ಯಾನನ್ ಮೊದಲಾದ ಜಾನಪದ ವಿದ್ವಾಂಸರು ಹುಡುಕಿ ಎಲ್ಕೊದಲ್ಲಿ ಒಂದೆಡೆ ಸೇರಿಸಿದರು. ಕರು ಹಾಕುವ ಕಾಲ ಇನ್ನೂ ಬಂದಿರದ, ಕೆಲಸಕ್ಕೆ ಬಿಡುವಿರುವ ಕಾಲವೆಂದು ಜನವರಿಯ ಕಡುಚಳಿಯನ್ನೇ ಆರಿಸಿಕೊಂಡರು. ಮೇಳ ಬೆಳೆಯಿತು, 2000ದಲ್ಲಿ ಅಮೆರಿಕದ ಸೆನೆಟ್ ಸಭೆ ಅದಕ್ಕೆ ರಾಷ್ಟ್ರೀಯವೆಂಬ ಮನ್ನಣೆಯಿತ್ತಿತು. ಈಗ ಟಿಕೆಟ್ಟುಂಟು, ಧ್ವನಿವರ್ಧಕವುಂಟು, ದೂರದಿಂದ ಬರುವ ಪ್ರವಾಸಿಗಳೂ ಉಂಟು. ಹಾಗಾದರೆ ಇದು ಪ್ರದರ್ಶನದ ಜಾನಪದವಾಗಿಬಿಡಲಿಲ್ಲವೇ ಎಂದು ವಾಚಕರು ಕೇಳಬಹುದು. ಧ್ವನಿಮುದ್ರಿಕೆಗಳನ್ನು ಕೇಳಿದ ಮೇಲೆ ನನಗೆ ಹಾಗೆನಿಸಿಲ್ಲ. ಹಗ್ಗದ ಕುಣಿಕೆಯನ್ನು ತಪ್ಪಾಗಿ ಬಣ್ಣಿಸಿದ ಕವಿ ಬೆಂಗಳೂರಿನಲ್ಲಿ ಪಾರಾಗಬಹುದು, ಎಲ್ಕೊದಲ್ಲಿ ಆಗದು.

ಇದೇ ಊರು 1964ರಿಂದ ಬೇಸಗೆಯಲ್ಲಿ ಇನ್ನೊಂದು ಉತ್ಸವವನ್ನೂ ನಡೆಸುತ್ತಿದೆ. ಅದು ಯೂರೋಪಿನ ಪಿರೆನೀಸ್ ಬೆಟ್ಟಗಳಿಂದ ಕುರಿ ಕಾಯಲು ಬಂದ ಬಾಸ್ಕ್ ಜನರದು: ಕುಣಿತ, ಮರ ಕಡಿಯುವ ಸ್ಪರ್ಧೆ, ಭಾರ ಹೊರುವ ಪಂದ್ಯ. ಆ ಕುರುಬರು ಬೆಟ್ಟದ ಆಸ್ಪೆನ್ ಮರಗಳ ತೊಗಟೆಯಲ್ಲಿ ಕೊರೆದ ಹೆಸರುಗಳು ಮರಗಳೊಡನೆ ಅಳಿಯುತ್ತಿವೆ. ಹುಲ್ಲುಗಾವಲಿಗಾಗಿ ದನದವರಿಗೂ ಕುರಿಯವರಿಗೂ ಹಿಂದೆ ಕಡುಹಗೆ. 1934ರ ಕಾಯಿದೆಯೊಂದು ಸರ್ಕಾರಿ ಮೇವುಭೂಮಿಗೆ ಪರವಾನಗಿಯನ್ನು ವಿಧಿಸಿದಾಗ, ಸ್ವಂತ ಜಮೀನಿಲ್ಲದ ಅಲೆಮಾರಿ ಕುರುಬರ ಬಾಳು ಮುಗಿಯಿತು.

ಆದರೆ ಆ ಭೂಮಿ ಸರ್ಕಾರದ್ದಾದುದು ಹೇಗೆ? ನಾನು ಓದಿದ ಹಳೆಯ ಪದ್ಯಗಳಲ್ಲಿ ನೆಲದ ಮೇಲಿನ ಪ್ರೀತಿ ಹೇರಳ, ಈ ಪ್ರಶ್ನೆ ವಿರಳ. ಅದು ಪಶ್ಚಿಮ ಶೊಶೋನಿ ಜನರ ನಾಡು. 1863ರಲ್ಲಿ ಎಲ್ಕೊದ ದಕ್ಷಿಣಕ್ಕಿರುವ ರೂಬಿ ಕಣಿವೆಯಲ್ಲಿ ಆದ ಒಪ್ಪಂದದಲ್ಲಿ ಹಾದುಹೋಗಲು, ಗಣಿ ತೋಡಲು ಅನುಮತಿಯಿತ್ತು; ನೆಲವನ್ನು ಬಿಟ್ಟುಕೊಡುವ ಮಾತಿರಲಿಲ್ಲ. ಮುಂದೆ ಸರ್ಕಾರ ಪರಿಹಾರವೆಂದು ಸುಮಾರು 2 ಕೋಟಿ 60 ಲಕ್ಷ ಡಾಲರನ್ನು ಗೊತ್ತುಮಾಡಿತು. ಶೊಶೋನಿಗಳು ಅದನ್ನು ಮುಟ್ಟಲಿಲ್ಲ. ಮೇರಿ ಡ್ಯಾನ್, ಕ್ಯಾರಿ ಡ್ಯಾನ್ ಎಂಬ ಅಕ್ಕತಂಗಿಯರು ಪರವಾನಗಿಯಿಲ್ಲದೆ ತಮ್ಮ ದನಗಳನ್ನು ಮೇಯಿಸುತ್ತಲೇ ಇದ್ದರು. ಕವಿಮೇಳ ಮೊದಲು ನೆರೆದ ಅದೇ ಚಳಿಗಾಲದಲ್ಲಿ, 1985ರ ಫೆಬ್ರವರಿಯಲ್ಲಿ, ಹಣ ಖಜಾನೆಯಲ್ಲಿ ಅವರ ಲೆಕ್ಕಕ್ಕೆ ಬಿದ್ದೊಡನೆಯೇ ಸಂದಾಯವಾದಂತೆ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. 2002ರಲ್ಲಿ ಸರ್ಕಾರದವರು ಅವರ ದನಗಳನ್ನು ಹಿಡಿದು ಸಾಗಿಸಿದರು. ಮೇರಿ 2005ರಲ್ಲಿ, ಕ್ಯಾರಿ 2021ರಲ್ಲಿ ತೀರಿಕೊಂಡರು. ಅವರೂ ತುರುಗಾಹಿಗಳೇ. ಆ ದನಗಳ ಮೇಲೊಂದು ಲಾವಣಿಯನ್ನು ಎಲ್ಕೊದ ವೇದಿಕೆಯಿಂದ ಕೇಳಬೇಕೆಂಬ ಆಸೆ ನನಗಿದೆ.