ಹರಟೆಮಲ್ಲನಿಗೂ ಬಾಬೆಲ್ ಗೋಪುರಕ್ಕೂ ಏನು ನಂಟು?

ಹರದನಹಳ್ಳಿಯ ಸುತ್ತಮುತ್ತ ಹೊಲದ ಬೇಲಿಯಲ್ಲೋ ಹುಣಸೆಮರದ ಬುಡದಲ್ಲೋ ಬೂದುಗಂದು ಹಕ್ಕಿಗಳ ಗುಂಪೊಂದು ತರಗೆಲೆ ಕೆದಕುತ್ತಾ ಗಲಾಟೆ ಎಬ್ಬಿಸುತ್ತಿರುತ್ತದೆ. ನಮಗದು ಹರಟೆಮಲ್ಲ. ಇಂಗ್ಲಿಷಿನವರಿಗೆ ಬ್ಯಾಬ್ಲರ್, ಅಂದರೆ ಬಾಯಿಬಡುಕ. ದೂರು ಒಂದೇ.

ಈ ಬ್ಯಾಬ್ಲರ್ ಪದ ಬೈಬಲ್ಲಿನ ಬಾಬೆಲ್ ಗೋಪುರದಿಂದ ಬಂತು ಎಂದು ಓದಿದವರೂ ನಂಬುತ್ತಾರೆ. ಆಕಾಶ ಮುಟ್ಟುವ ಗೋಪುರ ಕಟ್ಟಹೊರಟವರ ಭಾಷೆಯನ್ನು ದೇವರು ಕಲಸಿಬಿಟ್ಟ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಾಯಿತು ಎಂಬ ಕಥೆ ಪದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಪದದ ಮೂಲ ಅಲ್ಲಿಲ್ಲ. ತೊದಲುವ ಕೂಸಿನ 'ಬ ಬ' ಸದ್ದಿನಿಂದ ಹುಟ್ಟಿದ ಅನುಕರಣೆಯ ಪದವದು. ಡಚ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲೂ ಅದರ ಸೋದರರಿವೆ. ನಮ್ಮ 'ಬಡಬಡಿಸು' ಕೂಡ ಇದೇ ಜಾತಿಯದು. ಇನ್ನು ಬಾಬೆಲ್ ಎಂದರೆ ಬ್ಯಾಬಿಲೋನ್ ನಗರ. ಅಕ್ಕಾಡಿಯನ್ನರು ಅದನ್ನು 'ಬಾಬ್-ಇಲಿ', ದೇವರ ಬಾಗಿಲು, ಎಂದು ಅರ್ಥೈಸುತ್ತಿದ್ದರು. 'ಕಲಸು' ಎಂಬರ್ಥದ ಹೀಬ್ರೂ ಪದಕ್ಕೆ ಅದನ್ನು ಗಂಟುಹಾಕಿದ್ದು ಬೈಬಲ್ಲಿನ ಶ್ಲೇಷೆ. ಅಲ್ಲಿಗೆ ಒಂದು ಕಟ್ಟುವ್ಯುತ್ಪತ್ತಿಯ ಮೇಲೆ ಇನ್ನೊಂದು! ಹರದನಹಳ್ಳಿಯ ಹರದನನ್ನೇ ನೋಡಿ: ಹಳಗನ್ನಡದ 'ಪರದ'ನೇ ಹರದನಾದದ್ದು, ಅವನು ವ್ಯಾಪಾರಿ. ಸದ್ದು ಹತ್ತಿರವಿದೆಯೆಂದು ಅವನನ್ನು ಹರಟೆಗೆ ನಂಟುಹಚ್ಚಿದರೆ ಹೇಗೋ, ಇದೂ ಹಾಗೆಯೇ.

ಹಕ್ಕಿಯ ಬಗೆಗೂ ಇಂಥ ನಂಬಿಕೆಗಳಿವೆ. ಸದಾ ಏಳೇ ಇರುತ್ತವಂತೆ. ಇಂಗ್ಲಿಷಿನವರು ಏಳು ಅಕ್ಕತಂಗಿಯರು ಎಂದರೆ ಹಿಂದಿಯವರು 'ಸಾತ್ ಭಾಯಿ', ಏಳು ಅಣ್ಣತಮ್ಮಂದಿರು ಎನ್ನುತ್ತಾರೆ. ಗಂಡು ಹೆಣ್ಣು ನೋಡಲು ಒಂದೇ ಥರ, ಜಗಳ ಬಗೆಹರಿಯುವುದು ಕಷ್ಟ. ನಿಂತು ಎಣಿಸಿದರೆ ನಾಲ್ಕೂ ಸಿಗುತ್ತವೆ, ಹನ್ನೆರಡೂ ಸಿಗುತ್ತವೆ. ಮರಿಗಳಿಗೆ ತುತ್ತು ಕೊಡಲು ಅಪ್ಪ ಅಮ್ಮನ ಜೊತೆ ಗುಂಪಿನ ಉಳಿದವೂ ಬರುತ್ತವೆ.

ಇವುಗಳ ಹರಟೆ ವ್ಯರ್ಥ ಎನ್ನುವುದಂತೂ ಶುದ್ಧ ಅನ್ಯಾಯ. ಉಳಿದವು ಹುಳ ಹೆಕ್ಕುವಾಗ ಒಂದು ಎತ್ತರದ ಕೊಂಬೆಯಲ್ಲಿ ಕಾವಲು ಕೂತಿರುತ್ತದೆ. ಗಿಡುಗವೋ ಬೆಕ್ಕೋ ಹಾವೋ ಕಂಡರೆ ಅದು ಕೂಗುತ್ತದೆ, ಗುಂಪೆಲ್ಲ ಸೇರಿ ಬೊಬ್ಬೆ ಹೊಡೆಯುತ್ತದೆ. ಪೊದೆಯೊಳಗೆ ಚದುರಿದವು ಒಂದನ್ನೊಂದು ಬಿಟ್ಟುಹೋಗದಿರುವುದೂ ಆ ಗೊಣಗಾಟದಿಂದಲೇ.

ಇಷ್ಟು ಕಾವಲಿದ್ದರೂ ಚಾತಕ ಪಕ್ಷಿ ಇವುಗಳ ಗೂಡಿಗೇ ನುಗ್ಗಿ ಮೊಟ್ಟೆಯಿಟ್ಟು ಹೋಗುತ್ತದೆ. ಅದರ ಮೊಟ್ಟೆಯೂ ಹರಟೆಮಲ್ಲನದರಂತೆ ನೀಲಿ.